ಸೂರು ಹಲಗೆ ಕುಂಬಾಗಿದೆ: ಮೇಲಿನಿಂದ ಮುಚ್ಚುವುದಾ, ಬಿಚ್ಚಿ ನೋಡುವುದಾ?

ನೀರ್ಚಾಲು_ಮನೆ | ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ಹಂಚಿನ ಮನೆ ಇರುವವರ ಸಲಹೆ ಬೇಕು.

ನಮ್ಮದು ಕಾಸರಗೋಡಿನ ನೀರ್ಚಾಲಿನಲ್ಲಿ ಅಜ್ಜ ಕಟ್ಟಿಸಿದ ಮುರಕಲ್ಲಿನ (ಕೆಂಪುಕಲ್ಲಿನ) ಮನೆ. ಪಡುವಣಕ್ಕೆ ಮುಖ. ಜಗಲಿಯ ಉದ್ದಕ್ಕೂ 42 ಅಡಿ ಸೂರು. ಒಂಬತ್ತು ವರ್ಷದ ಹಿಂದೆ ಅಲ್ಲಿಗೆ ಮಾಡಿನ ಮಳೆನೀರು ಹಿಡಿದು ಹರಿಸುವ ತಗಡಿನ ದಂಬೆ ಕೂರಿಸಿದೆವು. ಬಾವಲಿ ಕಾಟ ಜಾಸ್ತಿ ಇದ್ದದ್ದರಿಂದ ಅದೇ ಸಲ ಸೂರಿನ ಅಡಿಭಾಗವನ್ನೂ ಪಿವಿಸಿ ಪಟ್ಟಿ ಹೊಡೆಸಿ ಪೂರ್ತಿ ಮುಚ್ಚಿದೆವು. ನೋಡಲು ಚಂದ ಇತ್ತು.

ಈಗ ದಂಬೆ ಹಿಡಿದುಕೊಂಡಿರುವ ಮುಂದಿನ ಹಲಗೆ ಎರಡು ಕಡೆ ಕುಂಬಾಗಿದೆ, ಅಂದರೆ ಮರ ಕೊಳೆತಿದೆ. ಬಣ್ಣ ಗುಳ್ಳೆ ಎದ್ದಿದೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಪಿವಿಸಿ ಪಟ್ಟಿ ಮಧ್ಯದಲ್ಲಿ ಜೋತು ಬಿದ್ದಿದೆ, ಅಂಚಿನಲ್ಲಿ ಕಪ್ಪು ಕಲೆ.

ಇಬ್ಬರನ್ನು ಕರೆಸಿ ತೋರಿಸಿದೆ. ಒಬ್ಬರು, ಹಳೆ ಹಲಗೆ ಅಲ್ಲೇ ಇರಲಿ, ಮೇಲಿನಿಂದ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್) ಶೀಟು ಹೊಡೆದರೆ ಎರಡು ದಿನದ ಕೆಲಸ ಎಂದರು. ಇನ್ನೊಬ್ಬರು, ಮಾಡನ್ನೇ (ಇಡೀ ಛಾವಣಿಯನ್ನೇ) ಬಿಚ್ಚಿ ಕಬ್ಬಿಣದ ಪೈಪಿನಲ್ಲಿ ಹೊಸತಾಗಿ ಮಾಡಿ ಎಂದರು. ಎರಡೂ ನನಗೆ ಸರಿ ಕಾಣುತ್ತಿಲ್ಲ. ಮೇ ಕೊನೆಯ ಪತ್ತನಾಜೆಗೆ ಮೊದಲು, ಮಳೆ ಹಿಡಿಯುವ ಮುಂಚೆ, ಕೆಲಸ ಮುಗಿಯಬೇಕು. ಏನು ಮಾಡಲಿ?

ಪೆರ್ಲದಕ್ಕ | ಮಾರ್ಚ್ 9

ಶೀಟು ಮಾತ್ರ ಹೊಡೆಸಬೇಡಿ ಅಣ್ಣ. ನಾವು ಹೊಡೆಸಿ ಅನುಭವಿಸಿದ್ದೇವೆ. ಹೊರಗಿನಿಂದ ಮೂರು ಮಳೆಗಾಲ ಏನೂ ಗೊತ್ತಾಗಲಿಲ್ಲ. ನಾಲ್ಕನೆಯ ಆಟಿಯಲ್ಲಿ (ಜಡಿಮಳೆಯ ತುಳು ತಿಂಗಳಲ್ಲಿ) ಒಂದು ರಾತ್ರಿ ದಂಬೆ, ಶೀಟು, ಹಲಗೆ ಎಲ್ಲ ಒಟ್ಟಿಗೆ ಅಂಗಳಕ್ಕೆ ಬಿತ್ತು. ಹಗಲಲ್ಲಿ ಮಕ್ಕಳು ಅಲ್ಲೇ ಆಡುತ್ತಿದ್ದರು. ಈಗಲೂ ನೆನೆದರೆ ಎದೆ ಝಲ್ ಎನ್ನುತ್ತದೆ. ಶೀಟಿನ ಸ್ಕ್ರೂ ಹಿಡಿದದ್ದು ಆ ಕುಂಬು ಮರವನ್ನೇ ಅಲ್ವಾ?

ಮೊದಲು ಒಂದು ಉದ್ದದ ಸ್ಕ್ರೂಡ್ರೈವರ್ ತಗೊಂಡು ಇಡೀ ಹಲಗೆಯನ್ನು ಎರಡೆರಡು ಅಡಿಗೆ ಚುಚ್ಚಿ ನೋಡಿ. ಅಡಿಯಿಂದಲೂ ಚುಚ್ಚಿ. ಮೆತ್ತಗೆ ಇರುವಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಣ್ಣ ಗಟ್ಟಿ ಇದ್ದ ಮಾತ್ರಕ್ಕೆ ಮರ ಗಟ್ಟಿ ಇದೆ ಎಂದು ತಿಳಿಯಬೇಡಿ.

ಮರಗೆಲಸ_ಮುಳ್ಳೇರಿಯ | ಮಾರ್ಚ್ 10

ನಾನು ಮೂವತ್ತು ವರ್ಷದಿಂದ ಮಾಡಿನ ಕೆಲಸವನ್ನೇ ಮಾಡುತ್ತಿದ್ದೇನೆ. ಅಪ್ಪನೂ ಇದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನೀವು ಹೇಳುವ ಸೂರು ಹಲಗೆಗೆ ಈಗಿನ ಹುಡುಗರು ಫೇಷಿಯಾ ಎನ್ನುತ್ತಾರೆ. ಮಲೆಯಾಳದ ಆಚಾರಿಗಳು ಅಲ್ಲಿ ಬರುವ ಪಟ್ಟಿಗೆ ವಾಮಾಡ ಎನ್ನುತ್ತಾರೆ. ಮಾಡಿನ ಇಳಿಜಾರಿಗೆ ಉದ್ದಕ್ಕೆ ಇಡುವ ಪಕ್ಕಾಸಿಗೆ ಕಳುಕ್ಕೋಲ್, ಗೋಡೆಯ ಮೇಲಿನ ತೊಲೆಗೆ ಉತ್ತರಂ. ಹೆಸರು ಯಾವುದಾದರೂ ಇರಲಿ, ಆ ಹಲಗೆ ಅಲಂಕಾರಕ್ಕೆ ಇರುವುದಲ್ಲ. ಅದಕ್ಕೆ ಮೂರು ಕೆಲಸ. ಪಕ್ಕಾಸಿನ ತುದಿಗಳು ಆಚೀಚೆ ತಿರುಚದ ಹಾಗೆ ಎಲ್ಲವನ್ನೂ ಒಂದು ಸಾಲಿನಲ್ಲಿ ಹಿಡಿಯಬೇಕು. ಪಕ್ಕಾಸಿನ ಕೊಯ್ದ ತುದಿಗೆ ಮಳೆ ಹೊಡೆಯದ ಹಾಗೆ ಮುಚ್ಚಬೇಕು. ಮೂರನೆಯದು ಮೊದಲ ಸಾಲಿನ ಹಂಚನ್ನು ಹೊರುವುದು. ಇದನ್ನು ತುಂಬ ಜನ ಮರೆಯುತ್ತಾರೆ.

ಮಂಗಳೂರು ಹಂಚು ಹೇಗೆ ಕೂರುತ್ತದೆ ನೋಡಿ. ಮೇಲಿನ ತುದಿ ಪಕ್ಕಾಸಿನ ಮೇಲೆ ಅಡ್ಡ ಹೊಡೆದ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ತುದಿ ಕೆಳಸಾಲಿನ ಹಂಚಿನ ಬೆನ್ನ ಮೇಲೆ ಕೂರುತ್ತದೆ. ಆದರೆ ಮೊದಲ ಸಾಲಿಗೆ ಕೆಳಗೆ ಹಂಚು ಇಲ್ಲ. ಅಲ್ಲಿ ಹಲಗೆಯ ಮೇಲಂಚೇ ಹಂಚಿನ ಜಾಗದಲ್ಲಿ ನಿಲ್ಲಬೇಕು. ಹಾಗಾಗಿ ಹಲಗೆಯ ಮೇಲಂಚು ರೀಪಿನ ಮಟ್ಟಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಅದು ಕಡಿಮೆಯಾದರೆ ಮೊದಲ ಸಾಲು ಮುಂದಕ್ಕೆ ತಲೆ ಬಾಗಿಸುತ್ತದೆ. ಅದರ ಮತ್ತು ಎರಡನೆಯ ಸಾಲಿನ ನಡುವೆ ಬಾಯಿ ಬಿಡುತ್ತದೆ. ಪಡುವಣ ಗಾಳಿ ಮಳೆಯನ್ನು ಆ ಬಾಯಿಗೇ ತುಂಬುತ್ತದೆ. ಆ ನೀರು ಹಲಗೆಯ ಬೆನ್ನಲ್ಲಿ ಇಳಿಯುತ್ತದೆ. ಎತ್ತರ ಜಾಸ್ತಿಯಾದರೂ ತಪ್ಪೇ. ಆಗ ಹಂಚಿನ ಇಳಿಜಾರು ಸತ್ತು ನೀರು ಹಿಂದಕ್ಕೆ ಬರುತ್ತದೆ.

ನಿಮ್ಮ ಹಲಗೆ ಮುಂದಿನಿಂದ ಕುಂಬಾಗಿದೆಯೋ ಬೆನ್ನಿನಿಂದಲೋ ಎಂದು ಮೊದಲು ನೋಡಿ. ಮುಂದಿನಿಂದಾದರೆ ಬಣ್ಣದ ತಪ್ಪು ಅಥವಾ ದಂಬೆ ತುಂಬಿ ಚೆಲ್ಲಿದ್ದು. ಬೆನ್ನಿನಿಂದಾದರೆ ಹಂಚಿನ ತಪ್ಪು. ಕಾರಣ ಸಿಗದೆ ಹೊಸ ಹಲಗೆ ಹೊಡೆದರೆ ಅದೂ ಐದಾರು ವರ್ಷಕ್ಕೆ ಹೋಗುತ್ತದೆ.

ಒಂದು ಪಿವಿಸಿ ಪಟ್ಟಿ ಬಿಚ್ಚಿ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಮಾತಾಡುವ.

ನೀರ್ಚಾಲು_ಮನೆ | ಮಾರ್ಚ್ 13

ಆಚಾರ್ರೇ, ನಿಮ್ಮ ಮಾತಿನ ಹಾಗೆ ನಿನ್ನೆ ನಾಲ್ಕು ಪಟ್ಟಿ ಬಿಚ್ಚಿದೆ. ಒಳಗಿನಿಂದ ಒಂದು ಬುಟ್ಟಿ ಕಸ ಬಿತ್ತು. ಒಣಗಿದ ಎಲೆ, ಇಲಿ ಗೂಡು, ಒರಲೆ (ಗೆದ್ದಲು) ಮಣ್ಣು. ಹಲಗೆಯ ಬೆನ್ನು ಮುಂದಿನದಕ್ಕಿಂತ ತುಂಬ ಹಾಳಾಗಿದೆ. ಒಟ್ಟು 22 ಪಕ್ಕಾಸು, ಅದರಲ್ಲಿ 5ರ ತುದಿ ಮೆತ್ತಗಾಗಿದೆ. ತುದಿಯಿಂದ ಸುಮಾರು ಒಂದು ಅಡಿವರೆಗೆ. ಆಮೇಲೆ ಮರ ಕಲ್ಲಿನಷ್ಟು ಗಟ್ಟಿ. ಅಜ್ಜ ಹಾಕಿಸಿದ ಕಿರಾಲುಬೋಗಿ, ಬಲು ಗಟ್ಟಿ ಜಾತಿಯ ಮರ.

ಹಂಚಿನ ಮೊದಲ ಸಾಲು ತಲೆ ಬಾಗಿಸಿದೆ. ಏಣಿ ಹತ್ತಿ ಪಕ್ಕದಿಂದ ನೋಡಿದಾಗ ಸ್ಪಷ್ಟ ಕಾಣುತ್ತದೆ. ಇಷ್ಟು ವರ್ಷ ಅದನ್ನು ನೋಡುತ್ತಲೇ ಇದ್ದೆ, ಏನೆಂದು ಗೊತ್ತಾಗಿರಲಿಲ್ಲ.

ಮರಗೆಲಸ_ಮುಳ್ಳೇರಿಯ | ಮಾರ್ಚ್ 13

ಕಿರಾಲುಬೋಗಿಯ ಪಕ್ಕಾಸಾದರೆ ಮಾಡು ಬಿಚ್ಚುವ ಮಾತೇ ಬೇಡ. ಅಂಥ ಮರ ಈಗ ಹುಡುಕಿದರೂ ಸಿಗುವುದಿಲ್ಲ. ಐದು ತುದಿಗಳನ್ನು ಮಾತ್ರ ನೋಡಿಕೊಳ್ಳುವ.

ಕುಂಬಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆಯಬೇಕು. ಅಷ್ಟೇ ದಪ್ಪದ ಹೊಸ ತುಂಡನ್ನು ಹಳೆ ಪಕ್ಕಾಸಿನ ಪಕ್ಕಕ್ಕೆ ಜೋಡಿಸಿ ಬೋಲ್ಟು ಹಾಕಬೇಕು. ಹೊರಗೆ ಚಾಚುವುದು ಎಷ್ಟೋ ಅದರ ಎರಡು ಪಾಲು ಒಳಗೆ ಹಿಡಿತ ಇರಲಿ. ಒಂದು ಅಡಿ ಹೊರಗಾದರೆ ಎರಡು ಅಡಿ ಒಳಗೆ. ಕನಿಷ್ಠ ಎರಡು ಬೋಲ್ಟು, ವಾಷರ್ ಸಮೇತ. ಮೊಳೆ ಹೊಡೆದು ನಿಲ್ಲಿಸಬೇಡಿ, ಹಳೆ ಗಟ್ಟಿ ಮರ ಮೊಳೆಗೆ ಸೀಳುತ್ತದೆ.

ಉಪ್ಪಳ_ಸಿವಿಲ್ | ಮಾರ್ಚ್ 14

ಒಳ್ಳೆಯ ಚರ್ಚೆ. ನನ್ನ ಮಟ್ಟಿಗೆ ಹಲಗೆಗೆ ಮರವೇ ಬೇಕೆಂದಿಲ್ಲ. ನಾನು ಏಳೆಂಟು ಮನೆಗೆ ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿದ್ದೇನೆ. ಒರಲೆ ತಿನ್ನುವುದಿಲ್ಲ, ಕುಂಬಾಗುವುದಿಲ್ಲ. ಆದರೆ ಹಾಕುವ ಕ್ರಮ ಗೊತ್ತಿರಬೇಕು. ಕೊಯ್ದ ಅಂಚಿಗೆಲ್ಲ ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ಅಂಚು ನೀರು ಕುಡಿದು ಪದರ ಪದರವಾಗಿ ಬಿಡುತ್ತದೆ. ಎರಡು ಬೋರ್ಡು ಸೇರುವಲ್ಲಿ 3 ಮಿಲಿಮೀಟರ್ ಸಂದು ಬಿಡಿ, ಆ ಸಂದು ಪಕ್ಕಾಸಿನ ಮೇಲೆಯೇ ಬರಲಿ. ಅಂಚಿನ ತೀರಾ ಹತ್ತಿರ ಸ್ಕ್ರೂ ಹಾಕಬೇಡಿ, ಮೂಲೆ ಒಡೆಯುತ್ತದೆ.

ಇನ್ನೊಂದು ಮಾತು, ಇದು ಆರೋಗ್ಯದ್ದು. ಈ ಬೋರ್ಡನ್ನು ಗ್ರೈಂಡರಿನಲ್ಲಿ ಒಣಗಿದ್ದ ಹಾಗೆ ಕೊಯ್ಯುವಾಗ ಬರುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಕೊಯ್ಯಿರಿ, ಒಳ್ಳೆಯ ಮಾಸ್ಕ್ ಕೊಡಿ. ಮನೆಯಲ್ಲಿ ಹಳೆಯ ಕಲ್ನಾರು ಶೀಟು ಇದ್ದರೆ ಅದನ್ನಂತೂ ಕೊಯ್ಯಬೇಡಿ, ಒಡೆಯಲೂ ಬೇಡಿ. ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಕೆಲಸದ ಹುಡುಗರು ಬಾಯಿಗೆ ಬೈರಾಸು (ಹೆಗಲ ಬಟ್ಟೆ) ಕಟ್ಟಿಕೊಂಡರೆ ಸಾಕು ಎಂದುಕೊಳ್ಳುತ್ತಾರೆ. ಅದು ಸಾಲದು.

ಮರಗೆಲಸ_ಮುಳ್ಳೇರಿಯ | ಮಾರ್ಚ್ 14

ಸಿವಿಲ್ ಸಾರ್ ಹೇಳಿದ್ದು ಸರಿ, ಆದರೆ ಈ ಮನೆಗೆ ನಾನು ಒಪ್ಪುವುದಿಲ್ಲ. ಬೋರ್ಡು ಮುಚ್ಚಲು ಒಳ್ಳೆಯದು, ಹೊರಲು ಅಲ್ಲ. ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಮೊದಲ ಸಾಲಿನ ಭಾರ, ದಂಬೆಯ ಭಾರ, ದಂಬೆಯಲ್ಲಿ ನಿಂತ ನೀರಿನ ಭಾರ, ಎಲ್ಲ ಆ ಹಲಗೆಗೆ. ತೆಳು ಬೋರ್ಡಿನಲ್ಲಿ ಸ್ಕ್ರೂಗೆ ಕಚ್ಚಲು ಏನಿದೆ? ಬೋರ್ಡೇ ಬೇಕೆಂದರೆ ಹಿಂದೆ ಒಂದು ಮರದ ಪಟ್ಟಿ ಕೊಡಿ, ದಂಬೆಯ ಕ್ಲಾಂಪು ಆ ಪಟ್ಟಿಗೆ ಅಥವಾ ಪಕ್ಕಾಸಿಗೆ ಹೋಗಲಿ.

ಮರವಾದರೆ ಹೆಬ್ಬಲಸು ಅಥವಾ ಹಲಸಿನ ತಿರುಳು. ತೇಗವೂ ಆಗುತ್ತದೆ. ತಿರುಳಿನ ಸುತ್ತಲಿನ ಬಿಳಿ ಭಾಗ ಒಂದು ಬೆರಳೂ ಇರಬಾರದು. ಎಷ್ಟೇ ಒಳ್ಳೆಯ ಜಾತಿಯ ಮರವಾದರೂ ಬಿಳಿ ಭಾಗವನ್ನು ಕುಟ್ಟೆ ಹುಳ ಬಿಡುವುದಿಲ್ಲ.

ಉಪ್ಪಳ_ಸಿವಿಲ್ | ಮಾರ್ಚ್ 14

ಹೌದು, ನಾನು ಹಾಕಿಸಿದ ಮನೆಗಳಲ್ಲಿ ಹಿಂದೆ ಕಬ್ಬಿಣದ ಫ್ರೇಮ್ ಇತ್ತು. ಹಳೆ ಮರದ ಮಾಡಿಗೆ ನಿಮ್ಮ ಮಾತೇ ಸರಿ.

ಎಣ್ಮಕಜೆ_ತೋಟ | ಮಾರ್ಚ್ 16

ಸೂರಿನ ಅಡಿಭಾಗದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯ ಸುತ್ತ ರಬ್ಬರ್. ಏಪ್ರಿಲ್‌ನಲ್ಲಿ ಒಂದೆರಡು ಮಳೆ ಬಿದ್ದ ಕೂಡಲೇ ಸಂಜೆ ದೀಪಕ್ಕೆ ಕಪ್ಪು ಹುಳ ಬರುತ್ತದೆ. ಮಲೆಯಾಳದವರು ಮುಪ್ಲಿ ವಂಡು ಎನ್ನುತ್ತಾರೆ. ರಬ್ಬರಿನ ಉದುರಿದ ಎಲೆ ತಿಂದು ಬೆಳೆಯುವ ಹುಳ ಅದು. ಬರುವುದು ಒಂದೆರಡಲ್ಲ, ಲಕ್ಷಗಟ್ಟಲೆ. ಬಂದು ಹಂಚಿನಡಿ, ಮುಚ್ಚಿಗೆಯ ಸಂದು, ಸೂರಿನ ಒಳಗೆ ರಾಶಿಯಾಗಿ ಕೂತುಬಿಡುತ್ತದೆ. ಮಳೆಗಾಲ ಕಳೆದು ಎಷ್ಟೋ ದಿನದವರೆಗೆ ಅಲ್ಲೇ. ಮುಟ್ಟಿದರೆ ಕೆಟ್ಟ ವಾಸನೆಯ ರಸ, ಚರ್ಮಕ್ಕೆ ತಾಗಿದರೆ ಉರಿ.

ನಾವೂ ಮೊದಲು ಪೂರ್ತಿ ಮುಚ್ಚಿದೆವು. ಹುಳ ಸಣ್ಣ ಸಂದಿನಲ್ಲೇ ಒಳಗೆ ಹೋಯಿತು. ಹೊರಗೆ ಬರುವ ದಾರಿ ಇಲ್ಲದೆ ಒಳಗೆ ಸತ್ತು ಪುಡಿಯಾಗಿ ಜಗಲಿಗೆ ಉದುರುತ್ತಿತ್ತು. ಗಾಳಿ ಆಡದೆ ಮರವೂ ಬೆವರಿತು. ಆಮೇಲೆ ಎಲ್ಲ ತೆಗೆದು, ಮರದ ಪಟ್ಟಿಗಳನ್ನು ಅರ್ಧ ಇಂಚು ಬಿಟ್ಟು ಬಿಟ್ಟು ಹೊಡೆಸಿದೆವು. ಅದರ ಮೇಲ್ಬದಿಗೆ ಸ್ಟೀಲಿನ ಸೊಳ್ಳೆ ಬಲೆ. ಹುಳ ಪೂರ್ತಿ ನಿಂತಿಲ್ಲ, ಆದರೆ ತುಂಬ ಕಡಿಮೆ. ಹುಳ ಬರುವ ದಿನಗಳಲ್ಲಿ ಸಂಜೆ ಜಗಲಿಯ ದೀಪ ಹಾಕುವುದಿಲ್ಲ, ಅದೂ ಸಹಾಯ ಆಗಿದೆ. ಮರ ಮಾತ್ರ ಈಗ ಒಣಗಿ ಗರಿಗರಿ ಇದೆ.

ಪೆರ್ಲದಕ್ಕ | ಮಾರ್ಚ್ 16

ಬಾವಲಿ ಇನ್ನೂ ಇದ್ದರೆ ಬಲೆ ಹೊಡೆಯುವ ಮೊದಲು ಅವು ಹೊರಗೆ ಹೋಗಿವೆಯಾ ನೋಡಿ ಅಣ್ಣ. ಮುಸ್ಸಂಜೆಗೆ ಹೊರಡುತ್ತವೆ. ಮರಿ ಇರುವ ಸಮಯದಲ್ಲಿ ಮುಚ್ಚಬೇಡಿ, ಪಾಪ.

ಬೇಕಲ_ಕಡಲಬದಿ | ಮಾರ್ಚ್ 18

ನೀರ್ಚಾಲು ಕಡಲಿಂದ ಸ್ವಲ್ಪ ಒಳಗೆ, ನಿಮಗೆ ನಮ್ಮಷ್ಟು ಉಪ್ಪು ಗಾಳಿ ಇಲ್ಲ. ಆದರೂ ಸ್ಕ್ರೂ ವಿಷಯದಲ್ಲಿ ಉಳಿತಾಯ ಬೇಡ. ಮಾಮೂಲಿ ಸ್ಕ್ರೂ ನಮ್ಮಲ್ಲಿ ಎರಡು ಮಳೆಗೆ ತಲೆ ಕಳಚಿಕೊಳ್ಳುತ್ತದೆ. ನಿಮಗೆ 304 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಕಡಲ ಬದಿಯವರು ಇದನ್ನು ಓದುತ್ತಿದ್ದರೆ 316 ತಗೊಳ್ಳಿ. ಅಲ್ಯೂಮಿನಿಯಂ ದಂಬೆಗೆ ಕಬ್ಬಿಣದ ಕ್ಲಾಂಪು ಕೂಡಿಸಬೇಡಿ. ಎರಡು ಜಾತಿಯ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಒಂದನ್ನು ಇನ್ನೊಂದು ತಿನ್ನುತ್ತದೆ. ನಡುವೆ ರಬ್ಬರ್ ವಾಷರ್ ಆದರೂ ಇರಲಿ.

ಬದಿಯಡ್ಕ_ಬೆಂಗಳೂರು | ಮಾರ್ಚ್ 21

ಊರಿಂದ ದೂರ ಇದ್ದರೂ ಅಪ್ಪ ಅಮ್ಮನ ಮನೆಯ ಚಿಂತೆ ಇದ್ದೇ ಇದೆ, ಹಾಗಾಗಿ ಪೂರ್ತಿ ಓದಿದೆ. ಒಂದು ಪ್ರಶ್ನೆ. ದಂಬೆ ಬೇಕೇ ಬೇಕಾ? ನಮ್ಮ ಅಜ್ಜನ ಮನೆಗೆ ದಂಬೆ ಇರಲಿಲ್ಲ. ಮಾಡಿನ ನೀರು ನೇರ ಅಂಗಳಕ್ಕೆ ಬೀಳುತ್ತಿತ್ತು. ಹಲಗೆಗೂ ಏನೂ ಆಗಿರಲಿಲ್ಲ.

ಉಪ್ಪಳ_ಸಿವಿಲ್ | ಮಾರ್ಚ್ 21

ಸೂರು ಮೂರು ಅಡಿ ಹೊರಗೆ ಚಾಚಿದ್ದು, ಸುತ್ತ ಕಲ್ಲು ಹಾಸಿದ್ದರೆ ದಂಬೆ ಇಲ್ಲದೆಯೂ ನಡೆಯುತ್ತದೆ. ಸೂರು ಗಿಡ್ಡ ಇದ್ದರೆ ಕೆಳಗೆ ಬಿದ್ದ ನೀರು ಎಗರಿ ಮುರಕಲ್ಲಿನ ಬುಡ ತಿನ್ನುತ್ತದೆ.

ದಂಬೆ ಹಾಕುವುದಾದರೆ ಲೆಕ್ಕ ಹಾಕಿಯೇ ಹಾಕಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೀರ್ಚಾಲಿನವರೇ, ಆ ಬದಿಯ ಮಾಡು ನೆಲದ ಅಳತೆಯಲ್ಲಿ ಎಷ್ಟು ಅಗಲ?

ನೀರ್ಚಾಲು_ಮನೆ | ಮಾರ್ಚ್ 21

16 ಅಡಿ. ಸೂರು ಎರಡು ಅಡಿ ಮಾತ್ರ ಹೊರಗಿದೆ. ನೀರು ಹೋಗಲು ಒಂದೇ ಪೈಪು, ತೆಂಕು ತುದಿಯಲ್ಲಿ. ಮೂರು ಇಂಚಿನದು.

ಉಪ್ಪಳ_ಸಿವಿಲ್ | ಮಾರ್ಚ್ 22

42 ಗುಣಿಲೆ 16, ಸುಮಾರು 62 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ಲೆಕ್ಕದ ಜಡಿಮಳೆಯಾದರೆ ಗಂಟೆಗೆ 6,200 ಲೀಟರ್. ಒಂದು ಮೂರಿಂಚಿನ ಪೈಪಿಗೆ ಅದು ತೀರಾ ಜಾಸ್ತಿ. ದಂಬೆ ತುಂಬಿ, ಹಿಂದಂಚಿನಿಂದ ಹಲಗೆಯ ಮೇಲೆ ಚೆಲ್ಲುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಡುವೆ ಎತ್ತರ ಮಾಡಿ ಎರಡೂ ತುದಿಗೆ ಇಳಿಜಾರು ಕೊಡಿ, 10 ಅಡಿಗೆ ಅರ್ಧ ಇಂಚು. ಎರಡೂ ತುದಿಗೆ ನಾಲ್ಕಿಂಚಿನ ಪೈಪು. ದಂಬೆಯ ಹಿಂದಂಚು ಮುಂದಂಚಿಗಿಂತ ಎತ್ತರ ಇರಲಿ. ಎಂದಾದರೂ ತುಂಬಿದರೆ ಹೊರಗೆ ಚೆಲ್ಲಬೇಕು, ಹಲಗೆಗಲ್ಲ. ಒಂದು ಪೈಪಿನ ನೀರನ್ನು ಸೋಸಿ ಬಾವಿಗೆ ಬಿಡಬಹುದಾದರೆ ಬಿಡಿ. ಸುರಂಗ ಕೊರೆದು ನೀರು ಹುಡುಕಿದ ಊರು ನಮ್ಮದು. ಮಾಡಿನ ಮೇಲೆ ಬಿದ್ದ ನೀರನ್ನು ತೋಡಿಗೆ ಬಿಟ್ಟು ಕಳೆಯುವುದು ನನಗೆ ಸಂಕಟ.

ನೀರ್ಚಾಲು_ಮನೆ | ಏಪ್ರಿಲ್ 2

ವಿಷುವಿಗೆ ಮೊದಲು ಕೆಲಸ ಶುರು ಮಾಡುತ್ತೇನೆ. ಮುಳ್ಳೇರಿಯದ ಆಚಾರ್ರು ತಾವೇ ಬಂದು ನೋಡಿ ಹೋದರು. ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಹೆಬ್ಬಲಸಿನ ಹಲಗೆ ತೆಗೆದಿಟ್ಟಿದ್ದೇನೆ, 8 ಇಂಚು ಅಗಲ, ಕೀಸಿದ ಮೇಲೆ ಒಂದೂಕಾಲು ಇಂಚು ದಪ್ಪ. ಬಣ್ಣದ ಬದಲು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಬಹುದಾ? ಅಜ್ಜ ಅದನ್ನೇ ಹಚ್ಚಿಸುತ್ತಿದ್ದರು.

ಮರಗೆಲಸ_ಮುಳ್ಳೇರಿಯ | ಏಪ್ರಿಲ್ 2

ಪಕ್ಕಾಸಿನ ತುದಿಗೆ, ಬೋಲ್ಟು ಹಾಕುವ ಹೊಸ ತುಂಡಿಗೆ ಗೇರೆಣ್ಣೆ ಹಚ್ಚಿ. ಒರಲೆ ಹತ್ತಿರ ಬರುವುದಿಲ್ಲ. ಕೈಗೆ ತೆಂಗಿನೆಣ್ಣೆ ಸವರಿ, ಮೇಲೆ ಗ್ಲೌಸ್ ಹಾಕಿಕೊಳ್ಳಿ. ಮೈಗೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬರುತ್ತದೆ. ಬಣ್ಣ ಹಚ್ಚುವ ಹಲಗೆಗೆ ಅದು ಬೇಡ, ಮೇಲೆ ಬಣ್ಣ ಹಿಡಿಯುವುದಿಲ್ಲ.

ಹಲಗೆಯನ್ನು ಮೇಲೆ ಏರಿಸುವ ಮೊದಲೇ ನಾಲ್ಕೂ ಮುಖಕ್ಕೆ, ಎರಡೂ ತುದಿಗೆ ಪ್ರೈಮರ್ ಆಗಬೇಕು. ಏರಿಸಿದ ಮೇಲೆ ಬೆನ್ನಿಗೆ ಬ್ರಶ್ ಹೋಗುವುದಿಲ್ಲ. ಹೆಚ್ಚಿನ ಹಲಗೆ ಹಾಳಾಗುವುದು ಬಣ್ಣ ಕಾಣದ ಬೆನ್ನಿನಿಂದಲೇ. ಕೆಳಂಚಿನಲ್ಲಿ ಉದ್ದಕ್ಕೂ ಒಂದು ಸಣ್ಣ ಗಾಡಿ (ಕಾಲುವೆಯಂಥ ಗೀರು) ತೆಗೆಯುತ್ತೇನೆ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ.

ಬದಿಯಡ್ಕ_ಬೆಂಗಳೂರು | ಏಪ್ರಿಲ್ 3

ಕರೆಂಟಿನ ಸರ್ವಿಸ್ ವಯರ್ ಸೂರು ಹಲಗೆಗೇ ಕಟ್ಟಿದ್ದಾರಾ ನೋಡಿ. ಹಳೆ ಮನೆಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ಕೆಎಸ್ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ, ಲೈನ್ ತೆಗೆಸಿಯೇ ಏಣಿ ಇಡಿ. ಅಡಿಕೆ ಮರ ಕಟ್ಟಿ ಅಟ್ಟಣಿಗೆ ಮಾಡಿ. ಬರೀ ಏಣಿಯ ಮೇಲೆ ನಿಂತು ಹತ್ತಡಿ ಹಲಗೆ ಹಿಡಿಯುವುದು ಅಪಾಯ. ಕಡಜದ ಗೂಡು ಇದ್ದರೆ ಅದನ್ನೂ ಮೊದಲೇ ನೋಡಿಕೊಳ್ಳಿ.

ನೀರ್ಚಾಲು_ಮನೆ | ಏಪ್ರಿಲ್ 24

ಕೆಲಸ ಮುಗಿಯಿತು. ನಡುವೆ ವಿಷುವಿನ ರಜೆ ಕಳೆದು ಒಟ್ಟು ಒಂಬತ್ತು ದಿನ. ಮುಖ್ಯವಾದದ್ದನ್ನು ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾಗಲಿ.

ಮೊದಲ ಮೂರು ಸಾಲು ಹಂಚು ಮಾತ್ರ ಇಳಿಸಿದೆವು. ಹಂಚಿನ ಹಿಂದೆ ಮಂಗಳೂರಿನ ಹಳೆಯ ಕಾರ್ಖಾನೆಯ ಮುದ್ರೆ ಇದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಮ್ಮದು ಅಷ್ಟು ಹಳೆಯದಲ್ಲ, ಆದರೆ ಬೆರಳಲ್ಲಿ ತಟ್ಟಿದರೆ ಈಗಲೂ ಗಂಟೆಯ ಹಾಗೆ ಸದ್ದು. ಬ್ರಶ್ಶಲ್ಲಿ ಪಾಚಿ ಉಜ್ಜಿ ಅವನ್ನೇ ಮತ್ತೆ ಇಟ್ಟೆವು. ಒಡೆದದ್ದು ಏಳು.

ಹಳೆ ಹಲಗೆ ಬಿಚ್ಚಿದಾಗ ಕಾರಣ ಕಣ್ಣೆದುರು ಬಂತು. ಒಂಬತ್ತು ವರ್ಷದ ಹಿಂದೆ ದಂಬೆ ಕೂರಿಸಿದವರು ಕ್ಲಾಂಪಿಗೆ ಜಾಗ ಆಗಲಿ ಎಂದು ಹಲಗೆಯ ಮೇಲಂಚನ್ನು ಉದ್ದಕ್ಕೂ ಮುಕ್ಕಾಲು ಇಂಚು ಕೊಯ್ದಿದ್ದರು. ಅಲ್ಲಿಂದ ಮೊದಲ ಸಾಲು ತಲೆ ಬಾಗಿಸಿತು. ಅಲ್ಲಿಂದ ನೀರು ಬೆನ್ನಿಗೆ ಇಳಿಯಿತು. ಕೆಳಗೆ ಪಿವಿಸಿ ಹೊಡೆದು ನಾವು ಅದನ್ನು ಒಣಗಲೂ ಬಿಡಲಿಲ್ಲ. ಅಜ್ಜ ಹಾಕಿಸಿದ ಹಲಗೆ ಅಷ್ಟು ಕಾಲ ಬಾಳಿತ್ತು, ನಾವು ಒಂಬತ್ತು ವರ್ಷದಲ್ಲಿ ಕೆಡಿಸಿದೆವು. ಕೊಯ್ದ ಅಂಚನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತೆ.

ಐದಲ್ಲ, ಆರು ಪಕ್ಕಾಸಿಗೆ ತುಂಡು ಕೊಡಬೇಕಾಯಿತು. ಆರನೆಯದು ಹೊರಗಿಂದ ಗಟ್ಟಿ ಕಂಡರೂ ಉಳಿ ಇಟ್ಟಾಗ ಒಳಗೆ ಟೊಳ್ಳು. ಎರಡೂ ತುದಿಯ ಪಕ್ಕಾಸಿಗೆ ದಾರ ಕಟ್ಟಿ, ಆ ದಾರಕ್ಕೆ ಸರಿಯಾಗಿ ಎಲ್ಲ ತುದಿಗಳನ್ನು ಒಂದೇ ಸಾಲಿಗೆ ತಂದರು. ಹಲಗೆಯ ಎತ್ತರ ನೋಡಲು ಆಚಾರ್ರು ಅಳತೆಪಟ್ಟಿ ಮುಟ್ಟಲಿಲ್ಲ. ಒಂದು ಒಡೆದ ಹಂಚಿನ ಚೂರನ್ನು ರೀಪಿನ ಮೇಲಿಟ್ಟು, ಅದರ ಬೆನ್ನಿನ ಮಟ್ಟಕ್ಕೆ ಹಲಗೆ ಹಿಡಿದರು. ಇಡೀ 42 ಅಡಿಗೆ ಅದೇ ಚೂರು. ಹಂಚು ಹಲಗೆಯಿಂದ ಎರಡು ಇಂಚು ಹೊರಗಿದೆ, ನೀರು ನೇರ ದಂಬೆಯ ನಡುವಿಗೆ ಬೀಳುವ ಹಾಗೆ.

ಹಲಗೆಯ ಜೋಡಣೆಗಳನ್ನು ನೇರ ಕೊಯ್ಯದೆ ಓರೆ ಕೊಯ್ದಿದ್ದಾರೆ, ಒಂದರ ಮೇಲೆ ಒಂದು ಕೂರುವ ಹಾಗೆ. ಪ್ರತಿ ಜೋಡಣೆಯೂ ಪಕ್ಕಾಸಿನ ಮೇಲೆ. ಸೂರಿನ ಅಡಿಗೆ ಎಣ್ಮಕಜೆಯವರು ಹೇಳಿದ ಹಾಗೆ ಬಿಡಿ ಪಟ್ಟಿ ಮತ್ತು ಬಲೆ. ಎರಡು ಪಟ್ಟಿ ಸ್ಕ್ರೂ ಬಿಚ್ಚಿದರೆ ಕೈ ಹಾಕಿ ನೋಡಬಹುದು.

ಎಣ್ಮಕಜೆ_ತೋಟ | ಏಪ್ರಿಲ್ 24

ಬಿಚ್ಚಲು ಆಗುವ ಹಾಗೆ ಇಟ್ಟದ್ದು ತುಂಬ ಒಳ್ಳೆಯದಾಯಿತು. ಆ ಎರಡು ಪಟ್ಟಿಗೆ ಒಳಬದಿ ಗುರುತು ಹಾಕಿಡಿ. ಹತ್ತು ವರ್ಷ ಕಳೆದ ಮೇಲೆ ಮಕ್ಕಳಿಗೆ ಗೊತ್ತಾಗಬೇಕಲ್ಲ.

ಬದಿಯಡ್ಕ_ಬೆಂಗಳೂರು | ಏಪ್ರಿಲ್ 25

ಓರೆ ಜೋಡಣೆಯ ಬಾಯಿ ಯಾವ ಕಡೆಗೆ ಕೊಟ್ಟಿರಿ? ನಮ್ಮ ಮನೆಯದ್ದು ಮಾಡಿಸುವಾಗ ಬೇಕು.

ಮರಗೆಲಸ_ಮುಳ್ಳೇರಿಯ | ಏಪ್ರಿಲ್ 25

ಮಳೆ ಗಾಳಿ ಬರುವ ಕಡೆಗೆ ಬೆನ್ನು. ನಿಮ್ಮಲ್ಲಿ ನೈರುತ್ಯದಿಂದ ಹೊಡೆಯುವುದಾದರೆ ಓರೆಯ ಬಾಯಿ ಬಡಗು ಬದಿಗೆ ತೆರೆಯಲಿ. ಬಾಯಿಗೆ ಪ್ರೈಮರ್ ಮರೆಯಬೇಡಿ.

ನೀರ್ಚಾಲು_ಮನೆ | ಜುಲೈ 6

ಎಲ್ಲರಿಗೂ ಒಂದು ಸುದ್ದಿ. ಮೂರು ದಿನದಿಂದ ಬಿಡದ ಮಳೆ. ಮೊನ್ನೆ ರಾತ್ರಿ ಗಾಳಿಯೂ ಜೋರಿತ್ತು, ತೋಟದಲ್ಲಿ ಎರಡು ಅಡಿಕೆ ಮರ ಮುರಿಯಿತು. ಬೆಳಿಗ್ಗೆ ಎದ್ದವನೇ ಪಟ್ಟಿ ಬಿಚ್ಚಿ ಕೈ ಹಾಕಿ ನೋಡಿದೆ. ಹಲಗೆಯ ಬೆನ್ನು ಒಣಗಿದೆ. ಪಕ್ಕಾಸಿನ ಹೊಸ ತುಂಡೂ ಒಣಗಿದೆ. ಅಮ್ಮ ಜಗಲಿಯ ಪಡುವಣ ಮೂಲೆಯಲ್ಲಿ ಕೂತು ವೀಳ್ಯ ಕಟ್ಟುತ್ತಿದ್ದರು. ಒಂಬತ್ತು ವರ್ಷದಿಂದ ಮಳೆಗಾಲದಲ್ಲಿ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಒಂದು ಕಡೆ ಮಾತ್ರ ಸಣ್ಣ ತೊಂದರೆ. ಬಡಗು ತುದಿಯ ಪೈಪು ಸೇರುವಲ್ಲಿ ದಂಬೆಯ ಜೋಡಣೆ ತೊಟ್ಟಿಕ್ಕುತ್ತಿದೆ. ಮಳೆ ಸ್ವಲ್ಪ ಬಿಟ್ಟ ದಿನ ಒಣಗಿಸಿ ಸೀಲೆಂಟ್ ಹಾಕಬೇಕು. ಆಚಾರ್ರೇ, ಅಲ್ಲಿಯವರೆಗೆ ಅಡಿಗೆ ಒಂದು ಬಾಲ್ದಿ ಇಟ್ಟರೆ ಸಾಕಲ್ವಾ?

ಮರಗೆಲಸ_ಮುಳ್ಳೇರಿಯ | ಜುಲೈ 6

ಸಾಕು. ಹಲಗೆಯ ಕಡೆಗೆ ಹರಿಯುತ್ತಿಲ್ಲ ತಾನೇ? ಹರಿಯದಿದ್ದರೆ ಅವಸರ ಇಲ್ಲ. ಆಟಿ ಕಳೆಯಲಿ, ಬರುತ್ತೇನೆ.